ಒಪ್ಪದವನಿಗೆ ಬರೆಯುವುದು

(ಕೋಡ್ಲಾದಲ್ಲಿ ನಡೆದ ವಿದ್ಯಾರ್ಥಿ ಶಿಬಿರದಲ್ಲಿ ಹಾಸ್ಟೆಲ್ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಆಡಿದ ಹಾಗೆಯೇ ಬರೆದುಕೊಟ್ಟಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ಮಾತ್ರ ತೆಗೆದಿದ್ದೇನೆ.)



ಬೆಳಿಗ್ಗೆ ನಿಮಗೆಲ್ಲ ಒಂದೊಂದು ಹಾಳೆ ಕೊಟ್ಟಿದ್ದೆ. 'ಅಸ್ಪೃಶ್ಯತೆ ಹೋಗಬೇಕು' ಅಂತ ಪ್ರಬಂಧ ಬರೀರಿ, ಒಪ್ಪದವನನ್ನು ಒಪ್ಪಿಸೋ ಹಂಗ ಬರೀರಿ ಅಂದಿದ್ದೆ. ಊಟದ ಹೊತ್ತಿನಲ್ಲಿ ಎಲ್ಲ ಹಾಳೆಗಳನ್ನೂ ಓದಿದೆ. ಮುಕ್ಕಾಲು ಪಾಲು ಹಾಳೆಗಳು ಭಾರತ ಹಲವು ಜಾತಿ ಧರ್ಮಗಳ ದೊಡ್ಡ ದೇಶ ಅಂತ ಶುರುವಾಗುತ್ತವೆ. ನಡುವೆ ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗು ಅಂತ ಬರುತ್ತದೆ. ಕೊನೆಗೆ ಎಲ್ಲರೂ ಕೈಜೋಡಿಸಿದರೆ ದೇಶ ಮುಂದೆ ಬರುತ್ತದೆ ಅಂತ ಮುಗಿಯುತ್ತದೆ. ಒಂದು ಹಾಳೆಯ ಹೆಸರು ಹರಿದು ಇನ್ನೊಂದಕ್ಕೆ ಅಂಟಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ.

ತಪ್ಪು ಅಂತ ಹೇಳ್ತಿಲ್ಲ. ಬರೆದದ್ದೆಲ್ಲ ಖರೇನೇ. ಆದರೆ ಒಂದು ಮಾತು ಯೋಚನೆ ಮಾಡಿ. ಊರ ಗೌಡರ ಮಗನೂ ಸಾಲಿಯಲ್ಲಿ ಇದೇ ಪ್ರಬಂಧ ಬರೆಯುತ್ತಾನೆ. ಹತ್ತಕ್ಕೆ ಎಂಟು ಮಾರ್ಕು ತಗೋತಾನೆ. ಸಂಜೆ ಮನೆಗೆ ಹೋಗಿ, ಅಜ್ಜನಾಗುವ ವಯಸ್ಸಿನ ನಿಮ್ಮಪ್ಪನನ್ನು 'ಲೇ ಬಾರಲೇ' ಅಂತ ಕರೆಯುತ್ತಾನೆ. ಅಂದರೆ ಆ ಪ್ರಬಂಧ ಬರೆದವನನ್ನೇ ಒಪ್ಪಿಸಲಿಲ್ಲ. ಓದಿದವನನ್ನು ಏನು ಒಪ್ಪಿಸೀತು?

ಊಟ ಆದ ಮೇಲೆ ನಳದ ಹತ್ತಿರ ಕೈ ತೊಳೆಯುವಾಗ ಒಬ್ಬ ಹುಡುಗ ಸಿಕ್ಕ. ಇಲ್ಲೇ ಕೂತಿದ್ದಾನೆ, ಯಾರು ಅಂತ ಹೇಳುವುದಿಲ್ಲ. ಅವನು ಹೇಳಿದ: "ಅಣ್ಣಾ, ನಮ್ಮೂರ ಹೋಟೆಲ್‌ನಾಗ ನಮ್ಮಪ್ಪ ಚಾ ಕುಡದ ಮ್ಯಾಲ ಕಪ್ಪು ಬಸಿ ತಾನೇ ತೊಳದು ಬೋರಲ ಹಾಕಿ ಇಡ್ತಾನ. ಯಾರೂ ತೊಳಿ ಅನ್ನಂಗಿಲ್ಲ. ಅವನೇ ತೊಳಿತಾನ. ನಾ ಜೋಡಿ ಹೋದಾಗ ನಂದೂ ಅವನೇ ತೊಳಿತಾನ."

ನಾನು ಕೇಳಿದೆ: "ಇದನ್ನ ಯಾಕ ಬರೀಲಿಲ್ಲೋ ತಮ್ಮಾ?"

"ಅದೇನ್ ಬರಿಯೋದಣ್ಣಾ, ಅದು ನಮ್ಮನಿ ಮಾತು. ಪ್ರಬಂಧ ಅಂದ್ರ ಬ್ಯಾರೆ ಇರ್ತದಲ್ಲ."

ನಾನು ಇವತ್ತು ಬೇರೆ ಏನೋ ಹೇಳಬೇಕು ಅಂತ ಟಿಪ್ಪಣಿ ಮಾಡಿಕೊಂಡು ಬಂದಿದ್ದೆ. ಅದನ್ನು ಮಡಚಿ ಜೇಬಿಗೆ ಹಾಕಿದ್ದೇನೆ. ಈ ಹುಡುಗ ಹೇಳಿದ ಮಾತಿನ ಮೇಲೆಯೇ ಮಾತಾಡುತ್ತೇನೆ. ನಮ್ಮ ಮನೆಯ ಮಾತು ಪ್ರಬಂಧ ಅಲ್ಲ ಅಂತ ನಮಗೆ ಕಲಿಸಿದವರು ಯಾರು? ಆ ಕಪ್ಪು ಬಸಿಯನ್ನು ಹೊರಗಿಟ್ಟು ಅಸ್ಪೃಶ್ಯತೆ ಬಗ್ಗೆ ಬರೆದರೆ ಯಾರಿಗೆ ತಟ್ಟೀತು?

ಇಲ್ಲಿಂದ ಬಹಳ ದೂರವಿಲ್ಲ ಮಳಖೇಡ. ನಮ್ಮ ಸೇಡಂ ತಾಲೂಕಿನದೇ ಊರು, ಕಾಗಿಣಾ ಹೊಳಿ ದಂಡೆ. ಒಂಬತ್ತನೆಯ ಶತಮಾನದಲ್ಲಿ ಅದು ರಾಷ್ಟ್ರಕೂಟರ ರಾಜಧಾನಿ. ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ 'ಕವಿರಾಜಮಾರ್ಗ' ಬರೆದ. ಕನ್ನಡದಲ್ಲಿ ನಮ್ಮ ಕೈಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಅದೇ. ಅದು ಯುದ್ಧದ ಕತೆಯಲ್ಲ, ದೇವರ ಕತೆಯಲ್ಲ. ಹೇಗೆ ಬರೆಯಬೇಕು ಅಂತ ಹೇಳುವ ಪುಸ್ತಕ. ಕನ್ನಡ ನಾಡಿನ ಜನ ಪುಸ್ತಕ ಹಿಡಿದು ಓದದೆಯೂ ಕಾವ್ಯದಲ್ಲಿ ಪಳಗಿದವರು ಅನ್ನುವ ಅರ್ಥದ ಮಾತು ಅದರಲ್ಲಿದೆ. ಪಂಡಿತರು ಸಭೆಯಲ್ಲಿ ಆ ಮಾತು ಹೇಳಿ ಚಪ್ಪಾಳೆ ತಗೋತಾರೆ. ಆದರೆ ಓದದೆಯೂ ಮಾತು ಬಲ್ಲ ಆ ಜನ ಯಾರು ಅಂತ ಕೇಳಿದರೆ ಅವರ ಬೆರಳು ನಮ್ಮ ಕೇರಿಯ ಕಡೆ ತಿರುಗುವುದಿಲ್ಲ. ನಾನು ತಿರುಗಿಸುತ್ತೇನೆ.

ನಮ್ಮವ್ವ ಹೆಬ್ಬೆಟ್ಟು. ಒಂದು ತೊಗರಿ ಕೊಯ್ಲಿನ ದಿನ, ನಾನು ಸಣ್ಣವನು, ಅವಳ ಜೊತೆ ಹೊಲದಲ್ಲಿದ್ದೆ. ಸಂಜೆ ಧಣಿ ಬಂದು, "ಇವತ್ತ ತಡಾ ಮಾಡಿ ಬಂದೀರಿ, ಅರ್ಧಾ ಕೂಲಿ" ಅಂದ. ಉಳಿದ ಹೆಣ್ಣುಮಕ್ಕಳು ಮಣ್ಣು ತೂರಿ ಶಾಪ ಹಾಕಿದರು. ಧಣಿ ನಗ್ತಾ ನಿಂತಿದ್ದ. ಶಾಪ ಅವನಿಗೆ ಹೊಸದಲ್ಲ. ನಮ್ಮವ್ವ ಮುಂದೆ ಬಂದು ಹೇಳಿದಳು: "ಧಣಿ, ನಾವು ಹೊಲಕ್ಕ ಬಂದಾಗ ನಿಮ್ಮ ಎತ್ತು ಇನ್ನಾ ಕೊಟಗ್ಯಾಗ ಇದ್ದವು, ನಿಮ್ಮ ಆಳಮನುಷ್ಯಾನ್ನ ಕೇಳ್ರಿ. ಗೌಡ್ತೆವ್ವ ಬುತ್ತಿ ತಂದಾಗ ಎಂಟು ಸಾಲು ಮುಗದಿದ್ದವು, ಅವರೇ ಎಣಿಸ್ಯಾರ. ನಿನ್ನಿ ಇಷ್ಟೇ ಸಾಲಿಗಿ ನೀವೇ ಪೂರಾ ಕೂಲಿ ಕೊಟ್ಟೀರಿ. ಇವತ್ತಿನ ಸಾಲು ನಿನ್ನಿ ಸಾಲಿಗಿಂತ ಗಿಡ್ಡ ಅದಾವೇನ್ರಿ?"

ಧಣಿ ಪೂರ್ತಿ ಕೂಲಿ ಕೊಟ್ಟ. ಕರುಣೆಯಿಂದ ಕೊಡಲಿಲ್ಲ. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ, ಕೊಟ್ಟ.

ಗೆಳೆಯರೇ, ನಾನು ಕಾಲೇಜಿನಲ್ಲಿ ಮೂರು ವರ್ಷ ಬಿ.ಎ. ಓದಿದೆ. ವಾದ ಮಾಡುವುದು ಹೇಗೆ ಅಂತ ಅವ್ವ ಆ ಒಂದು ಸಂಜೆ ಕಲಿಸಿದಷ್ಟು ಯಾರೂ ಕಲಿಸಲಿಲ್ಲ. ಅವಳು ಏನು ಮಾಡಿದಳು ನೋಡಿ. ಕಣ್ಣಿಗೆ ಕಂಡದ್ದನ್ನು ಎಣಿಸಿ ಹೇಳಿದಳು. ಸಾಕ್ಷಿಯನ್ನು ನಮ್ಮ ಕೇರಿಯಿಂದ ತರಲಿಲ್ಲ, ಧಣಿಯ ಮನೆಯಿಂದಲೇ ತಂದಳು. ಅವನು ನಿನ್ನೆ ಮಾಡಿದ್ದನ್ನೇ ಅವನ ಮುಂದಿಟ್ಟಳು. ಕೊನೆಗೆ ಅವನೇ ಉತ್ತರ ಹೇಳಬೇಕಾದ ಒಂದು ಪ್ರಶ್ನೆ ಕೇಳಿ ಸುಮ್ಮನಾದಳು. ಸಾವಿರ ವರ್ಷದ ಶೋಷಣೆ ಅವಳಿಗೆ ಗೊತ್ತಿರಲಿಲ್ಲವೇ? ಅವಳ ಬೆನ್ನಿಗೆ ಗೊತ್ತಿತ್ತು. ಆದರೆ ಆ ಸಂಜೆ ಬೇಕಾದದ್ದು ಪೂರ್ತಿ ಕೂಲಿ. ಅದನ್ನಷ್ಟೇ ಕೇಳಿದಳು.

ಹಾಗಾಗಿ ನಾನು ಹೇಳುವ ಮೊದಲನೆಯ ಮಾತು: ಬೇಕಾದದ್ದು ಏನು ಅಂತ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳದೆ ಪ್ರಬಂಧ ಶುರುಮಾಡಬೇಡಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ನಾನು ಹಾಸ್ಟೆಲಿನಲ್ಲಿದ್ದಾಗ ಬೇಸಿಗೆಯಲ್ಲಿ ನೀರು ನಿಂತುಹೋಯಿತು. ಹುಡುಗರೆಲ್ಲ "ನೀ ಕವಿತಾ ಬರೀತಿ, ಅರ್ಜಿ ನೀನೇ ಬರಿ" ಅಂದರು. ನಾಲ್ಕು ಪುಟ ಬರೆದೆ. ಮನುವಿನಿಂದ ಶುರುಮಾಡಿದೆ. ಏಕಲವ್ಯನ ಹೆಬ್ಬೆರಳು ಬಂತು, ಶಂಬೂಕನ ತಲೆ ಬಂತು, ರಕ್ತ ಬಂತು, ಕ್ರಾಂತಿ ಬಂತು. ಹುಡುಗರು ಓದಿ ಕುಣಿದರು. ತಗೊಂಡು ಹೋಗಿ ಕಚೇರಿಯಲ್ಲಿ ಕೊಟ್ಟೆವು. ಅಲ್ಲಿನ ಗುಮಾಸ್ತ ನಾಲ್ಕೂ ಪುಟ ಓದಿದ, ಕನ್ನಡಕ ತೆಗೆದ, ಕೇಳಿದ: "ಚಲೋ ಬರದೀರಿ. ಆದ್ರ ನಿಮಗ ಬೇಕಾಗ್ಯಾದ್ದು ಏನು?" ನಾಲ್ಕು ಪುಟದಲ್ಲಿ ನೀರು ಅನ್ನುವ ಶಬ್ದ ಮೂರನೆಯ ಪುಟದ ಕೆಳಗೆ ಒಂದೇ ಸಲ ಇತ್ತು.

ಆಮೇಲೆ ಒಂದೇ ಪುಟ ಬರೆದೆವು. ಯಾವ ತಾರೀಖಿನಿಂದ ಟಾಕಿ ಖಾಲಿ, ಎಷ್ಟು ಹುಡುಗರು, ಎಷ್ಟು ಸಂಡಾಸು, ಅವುಗಳಲ್ಲಿ ಎಷ್ಟಕ್ಕೆ ಬಾಗಿಲಿದೆ, ಪರೀಕ್ಷೆ ಯಾವತ್ತು, ಎಷ್ಟು ದೂರ ಕೊಡ ಹೊತ್ತು ತರುತ್ತೇವೆ. ಕೊನೆಗೆ, ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ಒಂದು ಟ್ಯಾಂಕರ್ ಬೇಕು ಅಂತ. ಆರನೆಯ ದಿನ ಟ್ಯಾಂಕರ್ ಬಂತು. ಸಂಡಾಸಿನ ಬಾಗಿಲು ಆ ವರ್ಷ ಬರಲಿಲ್ಲ. ಒಂದು ಅರ್ಜಿ ಎಲ್ಲವನ್ನೂ ತರುತ್ತದೆ ಅಂತ ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ನೀರು ಬಂದದ್ದು ಎರಡನೆಯ ಅರ್ಜಿಯಿಂದ.

ಎರಡನೆಯ ಮಾತು: ಓದುವವನು ಯಾರು?

ನಾವು ನಮ್ಮನಮ್ಮಲ್ಲೇ ಮಾತಾಡುವಾಗ 'ಜೈ ಭೀಮ್' ಅಂದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ. ಒಪ್ಪದವನಿಗೆ ಆ 'ಉಳಿದದ್ದು' ಗೊತ್ತಿಲ್ಲ. ಇಲ್ಲವೇ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇರುತ್ತಾನೆ. ಬಾಬಾಸಾಹೇಬರು ಇದನ್ನು ಹೇಗೆ ಮಾಡಿದರು ನೋಡಿ. 1935-36ರ ಆಚೀಚೆ ಅವರು ಎರಡು ಬರಹ ಮಾಡಿದರು. ಒಂದು 'ಜಾತಿ ವಿನಾಶ'. ಅದು ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆ ಸಿದ್ಧಮಾಡಿದ ಅಧ್ಯಕ್ಷ ಭಾಷಣ. ಎದುರಿಗಿರುವವರು ಓದಿದ ಹಿಂದೂ ಸುಧಾರಕರು. ಅದಕ್ಕೇ ಅಲ್ಲಿ ಶಾಸ್ತ್ರ, ಇತಿಹಾಸ, ಸಮಾಜವಾದ, ತರ್ಕ ಎಲ್ಲ ಬರುತ್ತವೆ. ಇನ್ನೊಂದು 'ವೇಟಿಂಗ್ ಫಾರ್ ಎ ವೀಸಾ' ಅನ್ನುವ ಸಣ್ಣ ಬರಹ. ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1990ರಲ್ಲಿ, ಅದು ಪುಸ್ತಿಕೆಯಾಗಿ ಹೊರಗೆ ಬಂತು. ಅಲ್ಲಿ ಅವರ ಕಣ್ಣ ಮುಂದಿರುವವರು ಅಸ್ಪೃಶ್ಯತೆ ಅಂತ ಹೆಸರು ಕೇಳಿದ್ದರೂ ಅದು ಹೇಗಿರುತ್ತದೆ ಅಂತ ತಿಳಿಯದ ವಿದೇಶಿಯರು. ಅದಕ್ಕೇ ಅಲ್ಲಿ ಶಾಸ್ತ್ರವಿಲ್ಲ, ವಾದವಿಲ್ಲ. ಬರೀ ನಡೆದದ್ದು. ಬರೆದವರು ಒಬ್ಬರೇ, ಸಿಟ್ಟು ಒಂದೇ. ಓದುವವನು ಬೇರೆ, ಹಾಗಾಗಿ ಬರಹದ ರೂಪ ಬೇರೆ.

ಆ ಸಣ್ಣ ಬರಹದಲ್ಲಿ ಒಂದು ಕತೆ ಬರುತ್ತದೆ. 1901ರಲ್ಲಿ ಬಾಬಾಸಾಹೇಬರು ಇನ್ನೂ ಹುಡುಗ. ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ರೈಲು ಹತ್ತಿ, ಸತಾರಾ ಕಡೆ ಕೆಲಸದಲ್ಲಿದ್ದ ತಂದೆಯ ಹತ್ತಿರ ಹೋಗುತ್ತಾರೆ. ಅವರು ಮೊದಲು ಅವಮಾನದ ಮಾತು ಹೇಳುವುದಿಲ್ಲ. ಮೊದಲು ಬಟ್ಟೆಯ ಮಾತು ಹೇಳುತ್ತಾರೆ. ಹೊಸ ಅಂಗಿ, ಮಿಂಚುವ ಟೋಪಿ, ಹೊಸ ಬೂಟು, ರೇಶ್ಮೆ ಅಂಚಿನ ಧೋತರ. ಊರಿಗೆ ಹೊರಟ ಮಕ್ಕಳ ಸಂಭ್ರಮ. ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಸ್ಟೇಷನ್ ಮಾಸ್ತರು ಇವರನ್ನು ಬ್ರಾಹ್ಮಣರ ಮಕ್ಕಳು ಅಂದುಕೊಂಡು ಚೆನ್ನಾಗಿಯೇ ಮಾತಾಡಿಸುತ್ತಾನೆ. ಮಹಾರರು ಅಂತ ಗೊತ್ತಾದ ಕೂಡಲೇ ಅವನ ಮುಖ ಬದಲಾಗುತ್ತದೆ. ಗಾಡಿಯವರು ಯಾರೂ ಬರಲು ಒಪ್ಪುವುದಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರಬೇಕು ಅಂತ ಒಪ್ಪಂದವಾಗುತ್ತದೆ. ದಾರಿಯಲ್ಲಿ ಬುತ್ತಿ ಇದೆ, ಕುಡಿಯಲು ನೀರು ಕೊಡುವವರಿಲ್ಲ.

ಬಟ್ಟೆಯನ್ನು ಮೊದಲು ಯಾಕೆ ಹೇಳಿದರು? ಓದುವವನಿಗೆ ಆ ಮಕ್ಕಳು ಮೊದಲು ಮಕ್ಕಳಾಗಿ ಕಾಣಲಿ ಅಂತ ನಾನು ತಿಳಿದಿದ್ದೇನೆ. ಓದುವವನು ತನ್ನ ಮಕ್ಕಳನ್ನು ನೆನೆಯುತ್ತಾನೆ. ಆಮೇಲೆ ಸ್ಟೇಷನ್ ಮಾಸ್ತರನ ಮುಖ ಬದಲಾದಾಗ ಅವನಿಗೇ ಹೊಡೆದ ಹಾಗಾಗುತ್ತದೆ. ಜಾತಿ ಕೆಟ್ಟದ್ದು ಅಂತ ಬಾಬಾಸಾಹೇಬರು ಅಲ್ಲಿ ಹೇಳಬೇಕಾಗಿಯೇ ಇಲ್ಲ. ಓದುವವನೇ ಹೇಳಿಕೊಳ್ಳುತ್ತಾನೆ.

ಅದೇ ಬರಹದಲ್ಲಿ ದೌಲತಾಬಾದ್ ಕೋಟೆಯ ಪ್ರಸಂಗವೂ ಇದೆ. ಅದು 1934ರದು. ಕೋಟೆ ನೋಡಲು ಹೋದವರು ದಾರಿಯ ಧೂಳು ತೊಳೆಯಲು ಅಲ್ಲಿನ ಕೆರೆಯ ನೀರು ಮುಟ್ಟಿದರೆಂದು ಗದ್ದಲವಾಗುತ್ತದೆ. ಗದ್ದಲ ಮಾಡಿದವರು ಹಿಂದೂಗಳಲ್ಲ, ಮುಸಲ್ಮಾನರು. ದೌಲತಾಬಾದ್ ಆಗ ನಿಜಾಮನ ಸೀಮೆ. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲ ಆಗ ಅದೇ ಸೀಮೆಯಲ್ಲಿದ್ದವು. ಅಂದರೆ ಅದು ನಮ್ಮ ಮುತ್ತಜ್ಜಂದಿರ ಸರಕಾರದ ಕತೆ. ಅದು ಎಲ್ಲೋ ದೂರದ ಮಾತು ಅಂತ ತಿಳೀಬ್ಯಾಡ್ರಿ.

ಇನ್ನೂ ಹಿಂದೆ ಹೋಗೋಣ. ಪುಣೆಯಲ್ಲಿ ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ನಡೆಸುತ್ತಿದ್ದ ಸಾಲಿಯಲ್ಲಿ ಮುಕ್ತಾಬಾಯಿ ಸಾಳ್ವೆ ಅನ್ನುವ ಹುಡುಗಿ ಇದ್ದಳು. ಮಾಂಗ ಜಾತಿ. ನಮ್ಮ ಕಡೆಯ ಮಾದಿಗರ ಹಾಗೆ. ವಯಸ್ಸು ಸುಮಾರು ಹದಿನಾಲ್ಕು. ಇಲ್ಲಿ ಕೂತಿರುವ ಸಣ್ಣ ಹುಡುಗಿಯರ ವಯಸ್ಸು. ಅವಳು ಮಾಂಗ ಮಹಾರರ ದುಃಖದ ಬಗ್ಗೆ ಮರಾಠಿಯಲ್ಲಿ ಒಂದು ಪ್ರಬಂಧ ಬರೆದಳು. 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಅವಳ ವಾದ ಹೀಗೆ ಹೋಗುತ್ತದೆ: ವೇದ ನಮ್ಮದು ಮಾತ್ರ, ನೀವು ಅದನ್ನು ನೋಡಬಾರದು ಅಂತ ಬ್ರಾಹ್ಮಣರೇ ಹೇಳುತ್ತಾರೆ. ಸರಿ, ಒಪ್ಪಿದೆ. ಹಾಗಾದರೆ ನಮಗೆ ಧರ್ಮಗ್ರಂಥವೇ ಇಲ್ಲ ಅಂತಾಯಿತು, ನಾವು ಧರ್ಮವಿಲ್ಲದವರು ಅಂತಾಯಿತು. ದೇವರೇ, ನಮ್ಮ ಧರ್ಮ ಯಾವುದು ಹೇಳು. ನೋಡಿ ಆ ಹುಡುಗಿಯ ಜಾಣತನ! ಎದುರಾಳಿಯ ಮಾತನ್ನು ಅಲ್ಲಗಳೆಯಲಿಲ್ಲ. ಒಪ್ಪಿಕೊಂಡು, ಅದು ಎಲ್ಲಿಗೆ ಮುಟ್ಟುತ್ತದೆ ಅಂತ ಕೊನೆಯವರೆಗೆ ನಡೆಸಿ ತೋರಿಸಿದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ತಲೆಯ ಮೇಲೆ ಸೂರಿಲ್ಲದೆ, ಚಳಿ ಮಳೆಯಲ್ಲಿ ಹೆರುವ ನಮ್ಮ ಹೆಂಗಸರ ಸಂಕಟ ಬರೆದಳು. ನಿಮ್ಮ ಅನುಭವದಿಂದಲೇ ಯೋಚಿಸಿ ನೋಡಿ ಅಂತ ಎದುರಿನವರನ್ನು ಕೇಳಿದಳು. ಕೊನೆಗೆ ತನ್ನ ಜನರ ಕಡೆ ತಿರುಗಿ, ನಮ್ಮ ಈ ರೋಗಕ್ಕೆ ಓದೇ ಔಷಧಿ ಅಂತ ಮುಗಿಸಿದಳು. ಹೆರಿಗೆಯ ಮಾತು 'ಮನಿ ಮಾತು' ಅಂತ ಅವಳು ಬಿಟ್ಟಿದ್ದರೆ ಆ ಪ್ರಬಂಧ ಇವತ್ತಿನವರೆಗೆ ಉಳಿಯುತ್ತಿತ್ತೇ?

ಮೂರನೆಯ ಮಾತು: ಎದುರಾಳಿಯ ವಾದವನ್ನು ಬಚ್ಚಿಡಬೇಡಿ.

'ಜಾತಿ ವಿನಾಶ'ದ ಭಾಷಣದಲ್ಲಿ ಕೆಲವು ಭಾಗ ತೆಗೆಯಿರಿ ಅಂತ ಲಾಹೋರಿನವರು ಕೇಳಿದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂತ ಬಾಬಾಸಾಹೇಬರು ಹೇಳಿದರು. ಸಮ್ಮೇಳನವೇ ರದ್ದಾಯಿತು. 1936ರ ಮೇ ತಿಂಗಳಲ್ಲಿ ಅವರು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಅದನ್ನು ಟೀಕಿಸಿ ಬರೆದರು. 1937ರಲ್ಲಿ ಎರಡನೆಯ ಮುದ್ರಣ ಬಂದಾಗ ಬಾಬಾಸಾಹೇಬರು ಗಾಂಧೀಜಿಯ ಆ ಟೀಕೆಯನ್ನೂ ಅದೇ ಪುಸ್ತಕದಲ್ಲಿ ಸೇರಿಸಿ, ಪಕ್ಕದಲ್ಲಿ ತಮ್ಮ ಉತ್ತರ ಇಟ್ಟರು. ಓದುವವನು ಎರಡನ್ನೂ ಓದಿ ತಾನೇ ತೀರ್ಮಾನ ಮಾಡಲಿ ಅನ್ನುವ ಧೈರ್ಯ ಅದು. ತನ್ನ ಮಾತು ಗಟ್ಟಿ ಇದ್ದವನು ಎದುರಿನವನ ಬಾಯಿ ಮುಚ್ಚಿಸುವುದಿಲ್ಲ.

ಆ ಪುಸ್ತಕದ ಒಳಗೂ ಇದೇ ಕ್ರಮ. ಜಾತಿ ಅಂದರೆ ಕೆಲಸ ಹಂಚಿಕೊಳ್ಳುವುದು ಅಷ್ಟೇ ಅಂತ ಆಗಲೂ ಜನ ಹೇಳುತ್ತಿದ್ದರು, ಈಗಲೂ ಹೇಳುತ್ತಾರೆ. ಅವರು ಆ ಮಾತನ್ನು ಎತ್ತಿಕೊಂಡು, ಇಲ್ಲಿ ಹಂಚಿರುವುದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಹಂಚಿ ಒಬ್ಬರ ಮೇಲೆ ಒಬ್ಬರನ್ನು ಇಟ್ಟಿದ್ದಾರೆ ಅಂತ ತೋರಿಸಿದರು. ಶಹಾಬಾದಿನ ಫರ್ಸಿ ಗಣಿಗೆ ಹೋದವರಿಗೆ ಗೊತ್ತು. ಎಲ್ಲಿ ಪದರು ಬಿಡುತ್ತದೋ ಅಲ್ಲಿ ಉಳಿ ಇಟ್ಟರೆ ಒಂದೇ ಪೆಟ್ಟಿಗೆ ಕಲ್ಲು ಏಳುತ್ತದೆ. ಕಂಡಕಂಡಲ್ಲಿ ಹೊಡೆದರೆ ಕೈ ನೋಯುತ್ತದೆ, ಕಲ್ಲು ಪುಡಿಯಾಗುತ್ತದೆ.

ಎದುರಿನವರ ಕಾಗದವನ್ನೇ ಹಿಡಿದು ಮಾತಾಡುವುದು ಇನ್ನೂ ಗಟ್ಟಿ. ಮಹಾಡಿನ ಚವದಾರ ಕೆರೆಗೆ 1927ರ ಮಾರ್ಚ್ 20ರಂದು ಜನ ಹೋದದ್ದು ಭಿಕ್ಷೆ ಕೇಳಲು ಅಲ್ಲ. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನ ಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡಿನ ಪುರಸಭೆ 1924ರಲ್ಲಿ ಅದಕ್ಕೆ ಒಪ್ಪಿತ್ತು. ನೀವು ಬರೆದದ್ದನ್ನೇ ನಾವು ನಡೆಸುತ್ತಿದ್ದೇವೆ ಅಂತ ಹೇಳಲು ಕಾಗದ ಇತ್ತು. ನಮ್ಮವ್ವ 'ನಿನ್ನಿ ನೀವೇ ಪೂರಾ ಕೂಲಿ ಕೊಟ್ಟೀರಿ' ಅಂದದ್ದೂ ಇದೇ. ಆದರೂ ಅಲ್ಲಿ ನಮ್ಮವರ ತಲೆ ಒಡೆದರು. ಕೋರ್ಟಿನ ಕೊನೆಯ ತೀರ್ಪು ಬರಲು 1937 ಆಯಿತು. ಕಾಗದ ಇದ್ದರೆ ಪೆಟ್ಟು ಬೀಳುವುದಿಲ್ಲ ಅಂತಲ್ಲ. ಪೆಟ್ಟು ಹೊಡೆದವನು ಸುಳ್ಳುಗಾರ ಅಂತ ಜಗತ್ತಿಗೆ ಗೊತ್ತಾಗುತ್ತದೆ.

ನಾಲ್ಕನೆಯ ಮಾತು ಸಿಟ್ಟಿನದು. ಸಿಟ್ಟು ಬ್ಯಾಡ ಅಂತ ನಾನು ಹೇಳುವುದಿಲ್ಲ. ಸಿಟ್ಟಿಲ್ಲದವನು ಬರೆಯುವುದಾದರೂ ಯಾಕೆ? ಆದರೆ ಒಲೆಯೊಳಗಿನ ಬೆಂಕಿ ರೊಟ್ಟಿ ಬೇಯಿಸುತ್ತದೆ. ಅಂಗಳಕ್ಕೆ ಚೆಲ್ಲಿದ ಬೆಂಕಿ ನಮ್ಮ ಗುಡಿಸಲನ್ನೇ ಹಿಡಿಯುತ್ತದೆ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂಬ ಅರ್ಥದ ಮಾತಾಡಿದರು. ಆ ಮಾತಿನ ಹಿಂದೆ ಒಂದು ವಾದವಿತ್ತು. ಈ ಸಾಹಿತ್ಯದಲ್ಲಿ ನಮ್ಮ ಜನರ ಬದುಕು ಎಲ್ಲಿದೆ, ನಮ್ಮ ಮಕ್ಕಳು ಏನನ್ನು ಓದಿ ಮೇಲೆ ಬರಬೇಕು ಅನ್ನುವ ವಾದ. ಆದರೆ ಊರೂರಲ್ಲಿ ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ವಿರೋಧಿಗಳು ಆ ಒಂದು ಶಬ್ದವನ್ನು ಹಿಡಿದರು, ವಾದವನ್ನು ಬಿಟ್ಟರು. ಇನ್ನೊಂದು ಕಡೆಯಿಂದ ನೋಡಿದರೆ ಆ ಶಬ್ದವೇ ನಮ್ಮನ್ನು ಎಬ್ಬಿಸಿತು. ಆ ಬಿಸಿಯಲ್ಲೇ ದಲಿತ ಬರಹಗಾರರು ಒಟ್ಟಿಗೆ ಬಂದರು. ದಲಿತ ಸಂಘರ್ಷ ಸಮಿತಿ ಕಟ್ಟುವುದಕ್ಕೆ ಅದೂ ಒಂದು ಕಾರಣವಾಯಿತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. ಹಾಗಾಗಿ ಆ ಶಬ್ದ ಆಡಬಾರದಿತ್ತು ಅಂತ ಹೇಳಲು ನಾನು ಯಾರು?

ನಾನು ಹೇಳುವುದು ಇಷ್ಟೇ. ಸಭೆಯಲ್ಲಿ ಮಾತಾಡುವವನಿಗೆ ಸಮಯವಿಲ್ಲ, ಬರೆಯುವವನಿಗೆ ಸಮಯವಿದೆ. ಬೂಸಾ ಅಂತ ಬರೆಯುವುದಾದರೆ ಮೊರ ಹಿಡಿದು ಕೇರಿ ತೋರಿಸಿ. ಯಾವ ಪುಸ್ತಕ, ಯಾವ ಪುಟ, ನಮ್ಮವ್ವನ ಬಗ್ಗೆ ಅಲ್ಲಿ ಏನು ಬರೆದಿದೆ. ಕಾಳು ಎಲ್ಲಿದೆಯೋ ಅದನ್ನೂ ಕಾಳು ಅನ್ನಿ. ಆಗ ನಿಮ್ಮ ಬೈಗುಳಕ್ಕೆ ತೂಕ ಬರುತ್ತದೆ. ಈ ಬುಲೆಟಿನ್ನಿಗೆ ಸ್ಟೆನ್ಸಿಲ್ ಕೊರೆಯುವ ಗೆಳೆಯನನ್ನು ಕೇಳಿ. ಒಂದೊಂದು ಅಕ್ಷರಕ್ಕೂ ಅವನ ಬೆರಳು ನೋಯುತ್ತದೆ. ಬೆರಳು ನೋಯುವಷ್ಟು ಬೆಲೆಯಿಲ್ಲದ ಶಬ್ದವನ್ನು ಹೊಡೆದುಹಾಕಿ.

ಈಗ ನಮ್ಮ ಹುಡುಗನ ಕಪ್ಪು ಬಸಿಗೆ ಬರೋಣ. ಅದರಿಂದ ಪ್ರಬಂಧ ಹೇಗೆ ಆಗುತ್ತದೆ?

ಬೇಕಾದದ್ದು ಏನು? ಎಲ್ಲರಿಗೂ ಒಂದೇ ಕಪ್ಪು, ಎಲ್ಲರ ಕಪ್ಪನ್ನೂ ಹೋಟೆಲಿನವರೇ ತೊಳೆಯಬೇಕು. ಒಂದೇ ಸಾಲು.

ಓದುವವರು ಯಾರು? ಹೋಟೆಲಿನವನು ಒಬ್ಬನೇ ಅಲ್ಲ. ಹೋಟೆಲಿಗೆ ಪರವಾನಗಿ ಕೊಡುವ ಗ್ರಾಮ ಪಂಚಾಯತಿಯವರು. ದಿನಾ ಅಲ್ಲಿ ಚಾ ಕುಡಿಯುವ ಸಾಲಿ ಮಾಸ್ತರು. ಅವರು ಕೆಟ್ಟವರಲ್ಲ, ಆ ಕಪ್ಪಿನ ಕಡೆ ನೋಡಿಲ್ಲ ಅಷ್ಟೇ.

ಶುರು ಹೇಗೆ? ಭಾರತದಿಂದ ಬೇಡ. ಅಪ್ಪನಿಂದ. ಅಪ್ಪ ಎಷ್ಟು ಹೊತ್ತಿಗೆ ಏಳುತ್ತಾನೆ, ಯಾವ ಕೆಲಸ ಮುಗಿಸಿ ಹೋಟೆಲಿಗೆ ಬರುತ್ತಾನೆ, ಚಾಕ್ಕೆ ಎಲ್ಲರಷ್ಟೇ ರೊಕ್ಕ ಕೊಡುತ್ತಾನೆ, ಮಗನಿಗೂ ಒಂದು ಹೇಳುತ್ತಾನೆ. ಬಾಬಾಸಾಹೇಬರು ಬಟ್ಟೆ ಹೇಳಿದ ಹಾಗೆ. ಆಮೇಲೆ ಕುಡಿದ ಕಪ್ಪು ಹಿಡಿದು ಏಳುತ್ತಾನೆ. ಪಕ್ಕದ ಬೆಂಚಿನವರು ತಮ್ಮ ಕಪ್ಪು ಅಲ್ಲೇ ಬಿಟ್ಟು ಎದ್ದು ಹೋಗುತ್ತಾರೆ. ಅಲ್ಲಿ ಒಂದು ವಾಕ್ಯ ನಿಲ್ಲಿಸಿ. ವಿವರಣೆ ಬೇಡ.

ಎದುರಾಳಿ ಏನು ಹೇಳುತ್ತಾನೆ? "ನಾ ಎಲ್ಲಿ ತೊಳಿ ಅಂದೀನಿ? ಅವರೇ ತೊಳಿತಾರ." ಇದನ್ನು ಬಚ್ಚಿಡಬೇಡಿ, ಅವನ ಬಾಯಲ್ಲೇ ಬರೆಯಿರಿ. ಆಮೇಲೆ ಕೇಳಿ: ಅವರೇ ತೊಳೆಯುವುದಾದರೆ ಗೌಡರು ಯಾಕೆ ಅವರೇ ತೊಳೆಯುವುದಿಲ್ಲ? ನಾಳೆ ನಮ್ಮಪ್ಪ ತೊಳೆಯದೆ ಎದ್ದು ಬಂದರೆ ನೀವು ಆ ಕಪ್ಪನ್ನು ಮುಟ್ಟುತ್ತೀರಾ? ಯಾರೂ ಹೇಳದೆಯೇ ಒಬ್ಬ ಮನುಷ್ಯ ದಿನಾ ಬಗ್ಗುತ್ತಾನೆ ಅಂದರೆ, ಆ ಮಾತನ್ನು ಅವನಿಗೆ ಎಷ್ಟು ತಲೆಮಾರಿನ ಹಿಂದೆ ಹೇಳಿರಬೇಕು?

ಅವರ ಕಾಗದ ಯಾವುದು? ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 1955ರ ಕಾಯಿದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಹೆಸರಾಯಿತು. ಹೋಟೆಲಿನಲ್ಲಿ ಎಲ್ಲರ ಬಳಕೆಗೆ ಇಟ್ಟ ಪಾತ್ರೆಯನ್ನು ಅಸ್ಪೃಶ್ಯತೆಯ ಕಾರಣಕ್ಕೆ ಬಳಸಗೊಡದಿರುವುದು ಅದರ ಕಲಂ 4ರಲ್ಲಿ ಅಪರಾಧ. 1989ರ ದೌರ್ಜನ್ಯ ತಡೆ ಕಾಯಿದೆ ಅದರ ಮೇಲೆ ಬಂದದ್ದು. ಆದರೆ ಕಾನೂನನ್ನು ಮೊದಲ ಸಾಲಿಗೇ ತಂದು ಹೆದರಿಸಬೇಡಿ. ಹೆದರಿದವನು ಒಪ್ಪುವುದಿಲ್ಲ, ಬಚ್ಚಿಡುವುದನ್ನು ಕಲಿಯುತ್ತಾನೆ. ಅಪ್ಪನ ಕೈ ಕಂಡ ಮೇಲೆ ಕಾನೂನು ಬರಲಿ.

ಕೊನೆಗೆ ಮತ್ತೆ ಆ ಒಂದು ಸಾಲು: ಒಂದೇ ಕಪ್ಪು, ತೊಳೆಯುವವರು ಒಬ್ಬರೇ.

ನಳದ ಹತ್ತಿರ ಆ ಹುಡುಗ ಇನ್ನೊಂದು ಮಾತು ಕೇಳಿದ. "ಅಣ್ಣಾ, ಬರದ್ರ ನಾಳಿ ಅಪ್ಪಗ ಕೂಲಿಗಿ ಕರೀದಿದ್ರ?" ಗೆಳೆಯರೇ, ಇದಕ್ಕೆ ನನ್ನ ಹತ್ತಿರ ಹಾರಿಕೆಯ ಉತ್ತರವಿಲ್ಲ. ಇದು ಖರೇ ಭಯ. ಹಾಸ್ಟೆಲಿನಲ್ಲಿ ಕೂತು ನಾವು ಬರೆಯುತ್ತೇವೆ, ಊರಿನಲ್ಲಿ ಅಪ್ಪ ಅವ್ವ ಅದರ ಬೆಲೆ ಕೊಡುತ್ತಾರೆ. ಅದಕ್ಕೇ ಮೊದಲು ಅಪ್ಪನಿಗೆ ಓದಿ ತೋರಿಸಿ. ಅವನು ಬೇಡ ಅಂದರೆ ಊರ ಹೆಸರು, ಅವನ ಹೆಸರು ಬಿಡಿ. ಒಬ್ಬನೇ ಸಹಿ ಹಾಕಬೇಡ, ಇಪ್ಪತ್ತು ಜನ ಹಾಕೋಣ. ಆದರೆ ಅಪ್ಪನಿಗೆ ಓದಿ ತೋರಿಸುವುದನ್ನು ಮಾತ್ರ ಬಿಡಬೇಡ. ಅವನು ಏನೂ ಹೇಳದೆ ಕೇಳಬಹುದು. ಬೈಯಲೂಬಹುದು. ತನ್ನ ಕೈಯಲ್ಲಿದ್ದ ಕಪ್ಪನ್ನು ಮಗ ನೋಡಿದ್ದಾನೆ ಅಂತ ಅವನಿಗೆ ಗೊತ್ತಾಗುತ್ತದಲ್ಲ, ಆ ಪ್ರಬಂಧದ ಮೊದಲ ಓದುಗ ಅವನೇ. ಮೊದಲು ಒಪ್ಪಿಸಬೇಕಾದವನೂ ಅವನೇ ಇರಬಹುದು.

ನಮ್ಮ ಬಗ್ಗೆ ಬರೆದವರು ಬಹಳ ಜನ. ಸರಕಾರದ ವರದಿಯಲ್ಲಿ ನಾವು ಅಂಕಿಗಳಾದೆವು, ಕತೆಗಳಲ್ಲಿ ಮುಗ್ಧ ಆಳುಗಳಾದೆವು, ಭಾಷಣಗಳಲ್ಲಿ ಪಿಡುಗಾದೆವು. ಆ ಕಪ್ಪನ್ನು ತೊಳೆದವನ ಮಗ ಬರೆದ ಪ್ರಬಂಧ ಇನ್ನೂ ಬಂದಿಲ್ಲ.

ಬೆಳಿಗ್ಗೆಯ ಹಾಳೆಗಳನ್ನು ವಾಪಸ್ಸು ಕೊಡುತ್ತಿದ್ದೇನೆ. ಹಿಂದುಗಡೆ ಖಾಲಿ ಇದೆ. ಸಂಜೆ ಚಾ ಬರುವುದಕ್ಕೆ ಇನ್ನೂ ಒಂದು ತಾಸು ಇದೆ. ಕಂಡದ್ದು ಬರೀರಿ, ಎಣಿಸಿ ಬರೀರಿ, ಒಪ್ಪದವನನ್ನು ಎದುರಿಗೆ ಕೂಡಿಸಿಕೊಂಡು ಬರೀರಿ.

ಜೈ ಭೀಮ್.